ಮನೆವಾರ್ತೆ: ಹಿಮಗಟ್ಟಿದ ಮೀನನ್ನು ಕರಗಿಸುವ ಬಗೆ

ರಾಯದುರ್ಗದ ಸೀಮೆಗೂ ಸಮುದ್ರಕ್ಕೂ ಬಹುದೂರ. ವೇದಾವತಿಗೆ ನೀರು ಬಂದ ವರ್ಷಗಳಲ್ಲಿ ಭೈರವಾನಿತಿಪ್ಪ ಜಲಾಶಯದ ಮೀನು, ಮಳೆಗಾಲದಲ್ಲಿ ತುಂಬಿದ ಕೆರೆಗಳ ಮೀನು, ಇವೇ ನಮ್ಮ ಹಿರಿಯರ ಅಡಿಗೆಮನೆ ಕಂಡ ಮೀನುಗಳು. ಬೆಳಿಗ್ಗೆ ಹಿಡಿದುದು ಮಧ್ಯಾಹ್ನಕ್ಕೆ ಸಾರಾಗುತ್ತಿತ್ತು; ಕೆಡುವುದಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಈಗ ಹಾಗಲ್ಲ. ಕರಾವಳಿಯ ಬಂಗುಡೆ, ಅಂಜಲ್, ಸಿಗಡಿಗಳು ಕಲ್ಲಿನಂತೆ ಹೆಪ್ಪುಗಟ್ಟಿ, ಪೊಟ್ಟಣಗಳಲ್ಲಿ ಕುಳಿತು, ಪೇಟೆಯ ಅಂಗಡಿಗಳಿಂದ ನಮ್ಮ ಮನೆಗಳಿಗೂ ಬರುತ್ತಿವೆ. ಹೆಪ್ಪುಗಟ್ಟಿದುದನ್ನು ಕರಗಿಸುವುದು ಹೇಗೆಂಬ ಪಾಠವನ್ನು ಮಾತ್ರ ನಮಗೆ ಹಿರಿಯರಾರೂ ಕಲಿಸಿಲ್ಲ.

ಪೊಟ್ಟಣದ ಮೇಲೆ ಅದನ್ನು ಬರೆದಿರುತ್ತಾರಲ್ಲ ಎಂದು ಕೇಳಬಹುದು. ಆ ವಿವರಗಳು ಇಂಗ್ಲಿಷಿನಲ್ಲಾಗಲಿ, ದೇವನಾಗರಿ ಲಿಪಿಯ ಹಿಂದಿಯಲ್ಲಾಗಲಿ ಇರಬೇಕೆಂಬುದು ನಿಯಮ. ಬೇರೆ ಭಾಷೆಯನ್ನು ಸೇರಿಸುವುದು ತಯಾರಕರ ಇಷ್ಟ. 1953ರಲ್ಲಿ ಬಳ್ಳಾರಿ ಜಿಲ್ಲೆ ಹಂಚಿಹೋಗಿ ರಾಯದುರ್ಗ ತಾಲ್ಲೂಕು ಅನಂತಪುರಕ್ಕೆ ಸೇರಿದಂದಿನಿಂದ ಮನೆಯೊಳಗೆ ಕನ್ನಡ, ಕಛೇರಿಯಲ್ಲಿ ತೆಲುಗು ಎಂಬ ಬಾಳು ನಮಗೆ ರೂಢಿಯಾಗಿದೆ. ಮಡಕಶಿರೆ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತಾದರೂ ಅಲ್ಲಿನ ಕನ್ನಡದ ಮನೆಗಳ ಕಥೆಯೂ ಇದೇ. ಇವೆರಡೂ ಅಲ್ಲದ ಮತ್ತೊಂದು ಭಾಷೆಯ ಸಣ್ಣಕ್ಷರಗಳು ಒಲೆಯ ಮುಂದೆ ಕುಳಿತ ನಮ್ಮ ಅಜ್ಜಿಗೆ ಏನು ತಿಳಿಸಿಯಾವು? ಆದುದರಿಂದ ಈ ತಿಂಗಳು ಆ ಮಾತುಗಳನ್ನು ಕನ್ನಡದಲ್ಲಿಯೇ ಹೇಳಲು ಹೊರಟಿದ್ದೇವೆ.

ಇದನ್ನು ಬರೆಯಲು ನಮ್ಮ ಮನೆಯ ಅನುಭವವೊಂದೂ ಕಾರಣ. ಒಂದು ಬೇಸಗೆಯಲ್ಲಿ ಹೆಪ್ಪುಗಟ್ಟಿದ ಬಂಗುಡೆಯನ್ನು ಬೆಳಿಗ್ಗೆ ತಟ್ಟೆಯಲ್ಲಿಟ್ಟು ಇತರ ಕೆಲಸಗಳಲ್ಲಿ ಮುಳುಗಿದೆವು. ಮಧ್ಯಾಹ್ನ ಮೂಸಿ ನೋಡಿದೆವು. ಕೆಟ್ಟ ವಾಸನೆಯೇನೂ ಇರಲಿಲ್ಲ. ಚೆನ್ನಾಗಿ ಕುದಿಸಿ ಬಡಿಸಿದೆವು. ಉಂಡು ಅರ್ಧ ಗಂಟೆಯೊಳಗೆ ಮಗುವಿನ ಮುಖ ಕೆಂಪೇರಿತು, ಮೈ ತುರಿಸತೊಡಗಿತು, ತಲೆನೋವೆಂದು ಅಳಲಾರಂಭಿಸಿತು. ವೈದ್ಯರ ಔಷಧದಿಂದ ಸಂಜೆಯ ವೇಳೆಗೆ ಗುಣವಾಯಿತೆನ್ನಿ. ತಪ್ಪು ಮೀನಿನದಲ್ಲ, ನಮ್ಮದೆಂಬುದು ಆ ಬಳಿಕ ತಿಳಿಯಿತು.

ಬಂಗುಡೆ, ಬೂತಾಯಿ, ಕೇದರ ಮೊದಲಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ವಸ್ತು ಹೇರಳವಾಗಿರುತ್ತದೆ. ಮೀನು ಬೆಚ್ಚಗಿನ ಸ್ಥಳದಲ್ಲಿ ಉಳಿದರೆ ಸೂಕ್ಷ್ಮಜೀವಿಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಈ ಹಿಸ್ಟಮಿನ್ ಕುದಿಸಿದರೂ ಹೋಗದು, ಹುರಿದರೂ ಹೋಗದು, ಮತ್ತೆ ಹಿಮಗಟ್ಟಿಸಿದರೂ ಹೋಗದು. ಮೂಗಿಗೆ ಸುಳಿವು ಸಿಗದಿರುವುದೂ ಉಂಟು. ‘ಚೆನ್ನಾಗಿ ಬೇಯಿಸಿದರಾಯಿತು’ ಎಂಬ ನಂಬಿಕೆ ಇಲ್ಲಿ ಸಾಲದೆಂಬುದನ್ನು ಸೋದರಿಯರು ಮನಗಾಣಬೇಕು. ಇಂತಹ ಊಟದ ಬಳಿಕ ಉಸಿರಾಟಕ್ಕೆ ತೊಂದರೆಯಾದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ಸೂಕ್ಷ್ಮಜೀವಿಗಳು ಸಾಯುವುದಿಲ್ಲ. ಅವುಗಳಲ್ಲಿ ಬಹುಪಾಲು ಸುಮ್ಮನೆ ನಿದ್ರಿಸುತ್ತವೆ. 5ರಿಂದ 60 ಡಿಗ್ರಿ ಸೆಲ್ಸಿಯಸ್‌ಗಳ ನಡುವೆ ಎಚ್ಚೆತ್ತು ಬೆಳೆಯುತ್ತವೆ. ಮೀನು ಹೊರಗಿನಿಂದ ಒಳಕ್ಕೆ ಕರಗುತ್ತದೆ. ಅಲ್ಲದೆ, ಮಂಜುಗಡ್ಡೆ ಶಾಖವನ್ನು ಸಾಗಿಸುವಷ್ಟು ಚೆನ್ನಾಗಿ ನೀರು ಸಾಗಿಸಲಾರದು. ಆದುದರಿಂದ ಕರಗಿದ ಹೊರಪದರವೇ ಒಳಭಾಗಕ್ಕೆ ಹೊದಿಕೆಯಂತಾಗಿ ಕರಗುವಿಕೆಯನ್ನು ನಿಧಾನಗೊಳಿಸುತ್ತದೆ. ನಡುಭಾಗ ಇನ್ನೂ ಕಲ್ಲಾಗಿರುವಾಗಲೇ ಹೊರಭಾಗ ನಮ್ಮ ಬೇಸಗೆಯ 40 ಡಿಗ್ರಿಯ ಸೆಕೆಯಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ಬಿಸಿಲಿನಲ್ಲಿಡುವುದು, ಬಿಸಿನೀರಿನಲ್ಲಿ ಮುಳುಗಿಸುವುದು, ಒಲೆಯ ಪಕ್ಕದಲ್ಲಿಡುವುದು, ಇವೆಲ್ಲ ತಪ್ಪು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯ ಹಾಗೂ ಉತ್ತಮವಾದ ಮಾರ್ಗ ಫ್ರಿಜ್ಜಿನದು. ಹಿಂದಿನ ರಾತ್ರಿಯೇ ಮೀನನ್ನು ಆಳವಾದ ಪಾತ್ರೆಯಲ್ಲಿಟ್ಟು, ಮುಚ್ಚಿ, ಹೆಪ್ಪುಗಟ್ಟಿಸುವ ಕೋಣೆಯಿಂದ ಕೆಳಗಿನ ಅಂತಸ್ತಿಗೆ ಇಳಿಸಿರಿ. ಒಸರುವ ನೀರು ಹಾಲು, ತರಕಾರಿಗಳ ಮೇಲೆ ಬೀಳಬಾರದು. ಅರ್ಧ ಕಿಲೋ ತುಂಡುಗಳು ಬೆಳಗಾಗುವಷ್ಟರಲ್ಲಿ ಸಿದ್ಧವಾಗುತ್ತವೆ. ಇಡಿಯ ದೊಡ್ಡ ಮೀನಿಗೆ ಒಂದು ದಿನವೇ ಬೇಕಾದೀತು. ಗಾಳಿ ತೆಗೆದು ಬಿಗಿದ ಪೊಟ್ಟಣವಾದರೆ ಮೊದಲೇ ಬಿಚ್ಚಿ ಬೇರೆ ಪಾತ್ರೆಗೆ ಹಾಕಿರಿ. ಗಾಳಿಯಿಲ್ಲದೆಡೆ, ಶೀತದಲ್ಲಿಯೂ ಬೆಳೆದು ವಿಷ ಹುಟ್ಟಿಸಬಲ್ಲ ಜೀವಿಗಳುಂಟು.

ಅವಸರವಿದ್ದಾಗ ತಣ್ಣೀರಿನ ಮಾರ್ಗ. ನೀರು ಒಳಹೊಗದ ಚೀಲದಲ್ಲಿ ಮೀನನ್ನು ಕಟ್ಟಿ ತಣ್ಣೀರಿನಲ್ಲಿ ಪೂರ್ಣವಾಗಿ ಮುಳುಗಿಸಿ, ಪ್ರತಿ 30 ನಿಮಿಷಕ್ಕೊಮ್ಮೆ ನೀರನ್ನು ಬದಲಾಯಿಸಿರಿ. ಅರ್ಧ ಕಿಲೋ ಮೀನು ಸುಮಾರು ಒಂದು ಗಂಟೆಯಲ್ಲಿ ಕರಗುತ್ತದೆ. ನಮ್ಮ ಸೀಮೆಯವರು ಒಂದು ಮಾತನ್ನು ಮರೆಯಬಾರದು: ಚೈತ್ರ, ವೈಶಾಖಗಳಲ್ಲಿ ಮಹಡಿಯ ತೊಟ್ಟಿಯಿಂದ ನಲ್ಲಿಗೆ ಬರುವ ನೀರು ತಣ್ಣೀರಲ್ಲ, ಸ್ನಾನದ ನೀರು. ಮಣ್ಣಿನ ಗಡಿಗೆಯ ನೀರಿಗೆ ನಾಲ್ಕಾರು ಮಂಜಿನ ತುಂಡುಗಳನ್ನು ಹಾಕಿ ಬಳಸಿರಿ. ಹೀಗೆ ಕರಗಿಸಿದುದನ್ನು ಕೂಡಲೇ ಬೇಯಿಸಬೇಕು.

ಸಾರಿಗೆ ಹಾಕುವ ತೆಳ್ಳನೆಯ ತುಂಡುಗಳನ್ನು ಕರಗಿಸಲೇಬೇಕೆಂದೇನೂ ಇಲ್ಲ. ಕುದಿಯುವ ಸಾರಿಗೆ ನೇರವಾಗಿ ಹಾಕಿ, ಎಂದಿನದಕ್ಕಿಂತ ಅರ್ಧದಷ್ಟು ಹೆಚ್ಚು ಹೊತ್ತು ಬೇಯಿಸಿದರೆ ಸಾಕು. ಮಾಂಸ ಪಾರದರ್ಶಕತೆಯನ್ನು ಕಳೆದುಕೊಂಡು ಪದರಪದರವಾಗಿ ಬಿಡಿಸಿಕೊಂಡರೆ ಬೆಂದಿತೆಂದು ತಿಳಿಯಬಹುದು.

ಇನ್ನು ವಿದ್ಯುತ್ತು ಹೋದಾಗ. ಫ್ರಿಜ್ಜಿನ ಬಾಗಿಲನ್ನು ತೆರೆಯದಿದ್ದರೆ ಕೆಳಗಿನ ಅಂತಸ್ತಿನ ಪದಾರ್ಥಗಳು ಸುಮಾರು 4 ಗಂಟೆ ಕ್ಷೇಮ. ವಿದ್ಯುತ್ತು ಮರಳಿದ ಮೇಲೆ ಮೀನಿನಲ್ಲಿ ಮಂಜಿನ ಹರಳುಗಳು ಉಳಿದಿದ್ದರೆ ಮತ್ತೆ ಹಿಮಗಟ್ಟಿಸಬಹುದು. ರುಚಿ ಸ್ವಲ್ಪ ಕುಗ್ಗೀತು, ಅಷ್ಟೇ. ಪೂರ್ಣವಾಗಿ ಕರಗಿ ಬೆಚ್ಚಗಾಗಿ ಗಂಟೆಗಟ್ಟಲೆ ಉಳಿದುದನ್ನು ಹಣದ ಮುಖ ನೋಡದೆ ಎಸೆಯಿರಿ. ಕೂಲಿಯ ದುಡ್ಡಿನಲ್ಲಿ ತಂದುದನ್ನು ಎಸೆಯುವ ಸಂಕಟವನ್ನು ನಾವು ಬಲ್ಲೆವು. ಆದರೂ ಮಗುವಿನ ಕೆಂಪೇರಿದ ಮುಖವನ್ನು ಒಮ್ಮೆ ಕಂಡವರು ಆ ಲೆಕ್ಕವನ್ನು ಹಾಕಲಾರರು.

ವಾಚಕ ಸೋದರಿಯರು ಈ ಪುಟವನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಬಹುದು. ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ, ದಯವಿಟ್ಟು ಅವರಿಗೆ ಓದಿ ಹೇಳಿರಿ.