ಪಾಠಪುಟದ ವಿನ್ಯಾಸ

ವಾಚಕ ಮಹಾಶಯರಲ್ಲಿ ಅನೇಕರ ಮನೆಗಳಲ್ಲಿ ಈಗ ಮಕ್ಕಳು ಪುಸ್ತಕದೊಡನೆ ಫೋನನ್ನೂ ಹಿಡಿದು ಓದುತ್ತಿರುವರಷ್ಟೆ. ಪಾಠಗಳನ್ನೂ ಪರೀಕ್ಷೆಯ ಸೂಚನೆಗಳನ್ನೂ ವಿದ್ಯಾಸಂಸ್ಥೆಗಳು ಅಂತರ್ಜಾಲದ ಒಂದು ಪುಟದಲ್ಲಿ ಇಡುವುವು, ಅದನ್ನು ಪಾಠಪುಟವೆನ್ನೋಣ. ಮನೆಯಲ್ಲಿ ಸಂಗೀತ ಹೇಳಿಕೊಡುವ ಹೆಣ್ಣುಮಕ್ಕಳೂ ಇಂತಹ ಪುಟಗಳನ್ನು ಕಟ್ಟತೊಡಗಿರುವರು. ಇದಕ್ಕಾಗಿ ಇರುವ ಸಾಧನಗಳಲ್ಲಿ ಮೂಡಲ್ ಎಂಬುದು ಪ್ರಸಿದ್ಧವಾದುದು. ಆಸ್ಟ್ರೇಲಿಯದ ಮಾರ್ಟಿನ್ ಡೂಗಿಯಾಮಾಸ್ ಎಂಬವರು ಅದರ ಮೊದಲನೆಯ ಆವೃತ್ತಿಯನ್ನು 2002ರಲ್ಲಿ ಹೊರತಂದರು. ಪುಟದ ರೂಪವನ್ನು ಮಾರ್ಪಡಿಸುವ ಸ್ವಾತಂತ್ರ್ಯವನ್ನು ಅದು ಬಹುಮಟ್ಟಿಗೆ ಉಪಾಧ್ಯಾಯನಿಗೇ ಕೊಟ್ಟಿರುವುದು. ಆ ಸ್ವಾತಂತ್ರ್ಯವನ್ನು ಹೇಗೆ ಬಳಸತಕ್ಕದ್ದೆಂಬುದೇ ಈ ತಿಂಗಳ ವಿಚಾರ.

ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಬಿ.ಎ. ತರಗತಿಯಲ್ಲಿ ಓದುವವಳು. ಪ್ರಬಂಧವನ್ನು ಬರೆದು ಮುಗಿಸಿಯೂ, ಒಪ್ಪಿಸುವ ಗಡುವು ತಿಳಿಯದೆ, ಹತ್ತು ಅಂಕಗಳನ್ನು ಕಳೆದುಕೊಂಡಳು. ತಾರೀಖು ಪುಟದ ಬಲಪಕ್ಕದ ಪೆಟ್ಟಿಗೆಯಲ್ಲಿತ್ತು. ಕಂಪ್ಯೂಟರಿನಲ್ಲಿ ಅದು ಎದ್ದು ಕಾಣುವುದು. ಫೋನಿನ ಕಿರುಪರದೆಯಲ್ಲಿ ಆ ಪೆಟ್ಟಿಗೆಗಳೆಲ್ಲ ಮರೆಗೆ ಸರಿಯುವುವು, ಅಂಚಿನ ಗುರುತನ್ನು ಒತ್ತಿದ ಹೊರತು ಈಚೆಗೆ ಬಾರವು. ಅವರ ಮನೆಯಲ್ಲಿ ಕಂಪ್ಯೂಟರಿಲ್ಲ. ಪುಟದ ನೆತ್ತಿಯಲ್ಲಿ ಮಾತ್ರ ಸರಸ್ವತಿಯ ದೊಡ್ಡ ಚಿತ್ರವೂ ಬಣ್ಣಬಣ್ಣದ ಅಕ್ಷರಗಳೂ ಇದ್ದುವು. ಉಪಾಧ್ಯಾಯರು ಶ್ರಮಪಡಲಿಲ್ಲವೆಂದು ಹೇಳುವಂತಿಲ್ಲ; ಆದರೆ ಆ ಶ್ರಮವೆಲ್ಲ ತಮ್ಮ ಮೇಜಿನ ಮೇಲಿನ ಪರದೆಯನ್ನು ನೋಡಿಕೊಂಡು ಮಾಡಿದುದು.

ನಮ್ಮ ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳುವ ಪದ್ಧತಿಯುಂಟು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಏನನ್ನು ಹೇಳುವುದು, ಅದರಿಂದ ಫಲವೇನು, ಗ್ರಂಥಕ್ಕೂ ವಿಷಯಕ್ಕೂ ಇರುವ ನಂಟೇನು, ಓದಲು ಯಾರು ಯೋಗ್ಯರು ಎಂಬಿವನ್ನು ಮೊದಲೇ ತಿಳಿಸದಿದ್ದರೆ ಓದುಗನು ಪ್ರವೃತ್ತನಾಗನೆಂದು ಹಿರಿಯರು ಬಲ್ಲವರಾಗಿದ್ದರು. ಮೂಡಲಿನ ಪುಟದಲ್ಲಿ ಎಲ್ಲಕ್ಕೂ ಮೇಲೆ ಒಂದು ಸಾಮಾನ್ಯ ಭಾಗವಿರುವುದು. ಅನುಬಂಧಗಳಿಗೆ ಅದೇ ಸ್ಥಾನ. ನಾಲ್ಕೈದು ಪಂಕ್ತಿಗಳಲ್ಲಿ ಇವನ್ನು ಬರೆದು, ಅದರ ಕೆಳಗೇ ಗಡುವುಗಳನ್ನಿಡತಕ್ಕದ್ದು. ಚಿತ್ರ ಬೇಕಾದರೆ ಚಿಕ್ಕದಾಗಿರಲಿ. ಅಧಿಕಾರಿಯೆಂದರೆ ಇಲ್ಲಿ ಕಲಿಯುವವನು. ಅವನಿಗೆ ಪೂರ್ವದಲ್ಲಿ ಏನು ತಿಳಿದಿದೆ ಎಂಬುದರ ಜೊತೆಗೆ ಅವನ ಕೈಯಲ್ಲಿ ಯಾವ ಸಾಧನವಿದೆ ಎಂಬುದನ್ನೂ ಈಗ ಕೇಳಬೇಕಾಗಿದೆ.

ಅನಂತರ ಭಾಗಗಳ ಕ್ರಮ. ಪುಟವನ್ನು ವಾರಗಳಾಗಿ ವಿಂಗಡಿಸಬಹುದು, ವಿಷಯಗಳಾಗಿಯೂ ವಿಂಗಡಿಸಬಹುದು. ಮೊದಲನೆಯದು ಪಂಚಾಂಗದಂತೆ, ಎರಡನೆಯದು ಅಮರಕೋಶದ ವರ್ಗಗಳಂತೆ. ವಾರಕ್ರಮದಲ್ಲಿ ಆರಂಭದ ದಿನವನ್ನು ಹೇಳಿದರೆ ಮಿಕ್ಕ ತಾರೀಖುಗಳನ್ನು ಯಂತ್ರವೇ ಹಾಕಿಕೊಳ್ಳುವುದು. ಆ ದಿನವನ್ನು ಬದಲಿಸಿದರೆ ಎಲ್ಲವೂ ಒಟ್ಟಿಗೆ ಸರಿಯುವುವು. ಕಾಲೇಜಿನ ಪಾಠಕ್ಕೆ ಇದು ಒಳ್ಳೆಯದು. ಆದರೆ ಸಂಧಿ, ಸಮಾಸ, ವಿಭಕ್ತಿಗಳನ್ನು ಮನೆಗೆಲಸದ ನಡುವೆ ಬಿಡುವಾದಾಗ ಕಲಿಯುವ ಗೃಹಿಣಿಗೆ ‘ಐದನೆಯ ವಾರ’ ಎಂಬ ಶೀರ್ಷಿಕೆಯು ನೀನು ಹಿಂದುಳಿದೆಯೆಂದು ದೂರುವಂತೆ ಕಾಣುವುದು. ಅವಳಿಗೆ ವಿಷಯಕ್ರಮವೇ ಯುಕ್ತವೆಂದು ನನ್ನ ಅಭಿಪ್ರಾಯ. ಇನ್ನೂ ಸಿದ್ಧವಾಗದ ಭಾಗಗಳನ್ನು ಮರೆಮಾಡುವ ಅನುಕೂಲವೂ ಉಂಟು.

ಬಣ್ಣದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರವು ಕನಿಷ್ಠ 4.5:1 ಪ್ರಮಾಣದಲ್ಲಿರಬೇಕೆಂದು 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸೂತ್ರಗಳು ವಿಧಿಸಿವೆ. ದೊಡ್ಡ ಅಕ್ಷರದ ಶೀರ್ಷಿಕೆಗಳಿಗೆ 3:1 ಸಾಕು. ಹಳದಿಯ ಮೇಲೆ ಬಿಳಿಯಕ್ಷರವನ್ನು ಬರೆಯುವವರು ಇದನ್ನು ಗಮನಿಸಲಿ. ಕನ್ನಡಕ್ಕೆ ಇನ್ನೊಂದು ತೊಡಕುಂಟು. ನಮ್ಮ ಒತ್ತಕ್ಷರಗಳು ಪಂಕ್ತಿಯ ಕೆಳಗೆ ಇಳಿಯುವುವು. ಪಂಕ್ತಿಗಳ ನಡುವೆ ಇಂಗ್ಲಿಷಿಗೆ ಸಾಕಾಗುವಷ್ಟು ಮಾತ್ರ ಎಡೆಬಿಟ್ಟರೆ ಅವು ಕೆಳಗಿನ ಗುಣಿತಚಿಹ್ನೆಗಳಿಗೆ ತಾಗಿ, ಮುದುಕರ ಕಣ್ಣಿಗಂತೂ ಎರಡೂ ಕಲಸಿಹೋಗುವುವು. ಮಾತುಗಳನ್ನು ಚಿತ್ರದೊಳಗೆ ಬರೆದಿಡುವುದೂ ತರವಲ್ಲ. ಕಣ್ಣಿಲ್ಲದವರಿಗೆ ಪುಟವನ್ನು ಓದಿ ಹೇಳುವ ಯಂತ್ರವು ಅವನ್ನು ಸರಿಯಾಗಿ ಓದುವುದೆಂಬ ಭರವಸೆಯಿಲ್ಲ. ಚಿತ್ರಕ್ಕೊಂದು ವಿವರಣೆಯನ್ನು ಜೊತೆಗಿಡತಕ್ಕದ್ದು.

ಎಲ್ಲವೂ ಮುಗಿದ ಮೇಲೆ ಉಪಾಧ್ಯಾಯನು ವಿದ್ಯಾರ್ಥಿಯ ಪಾತ್ರಕ್ಕೆ ಬದಲಾಗಿ ಪುಟವನ್ನು ನೋಡಲು ಮೂಡಲಿನಲ್ಲಿ ಅವಕಾಶವಿದೆ. ಕಂಪ್ಯೂಟರನ್ನು ಮುಚ್ಚಿ, ಮನೆಯ ಅತ್ಯಂತ ಹಳೆಯ ಫೋನಿನಲ್ಲಿ ಪುಟವನ್ನು ತೆರೆದು, ಅಲ್ಲಿಯೇ ಹಾಗೆ ಬದಲಾಗಿ, ಮುಂದಿನ ಗಡುವು ಎಂದೆಂಬುದನ್ನು ಹುಡುಕಲಿ. ಉತ್ತರಗಳನ್ನು ಒಪ್ಪಿಸುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆನು.