ರಾತ್ರಿ ಒಂಬತ್ತರ ಗೇಟು ಮತ್ತು ಹಗಲಿನ ರಸ್ತೆ ತಡೆ

ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆಗೆ ಹೋಗುವ ಊಟಿ ರಸ್ತೆಯಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ. ಆ ಕಡೆ ತಮಿಳುನಾಡಿನ ಗಡಿಯಾದ ಕೆಕ್ಕನಹಳ್ಳದಲ್ಲಿಯೂ ಅದೇ ಹೊತ್ತಿಗೆ ವಾಹನಗಳು ನಿಲ್ಲುತ್ತವೆ. ಆಂಬುಲೆನ್ಸ್ ಮತ್ತು ಗೊತ್ತುಪಡಿಸಿದ ಕೆಲವು ಬಸ್ಸುಗಳನ್ನು ಬಿಟ್ಟರೆ ಬೆಳಗಿನ ಆರರವರೆಗೆ ಆ ದಾರಿ ಆನೆ, ಕಾಟಿ, ಜಿಂಕೆಗಳದು. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತದ ಆದೇಶವೊಂದರಿಂದ ಹುಟ್ಟಿ, ಕೆಲವೇ ದಿನಗಳಲ್ಲಿ ಹಿಂತೆಗೆಯಲ್ಪಟ್ಟು, ಉಚ್ಚ ನ್ಯಾಯಾಲಯದ ಮಧ್ಯಪ್ರವೇಶದಿಂದ ಮತ್ತೆ ಜೀವ ಪಡೆದು, 2010ರ ಮಾರ್ಚಿಯಲ್ಲಿ ಅದೇ ನ್ಯಾಯಾಲಯದ ತೀರ್ಪಿನಿಂದ ಗಟ್ಟಿಗೊಂಡ ನಿರ್ಬಂಧವಿದು. ನಿಸರ್ಗದ ಹೆಸರಿನಲ್ಲಿ ನಮ್ಮ ನಾಡಿನಲ್ಲಿ ನಡೆದಿರುವ ಅತ್ಯಂತ ದೀರ್ಘವಾದ ರಸ್ತೆ ತಡೆ ಯಾವುದೆಂದು ಕೇಳಿದರೆ ಇದೇ ಎಂದು ಹೇಳುತ್ತೇನೆ. ವಿಚಿತ್ರವೆಂದರೆ, ಇದನ್ನು ತಂದವರು ಯಾರೂ ರಸ್ತೆಯ ಮೇಲೆ ಕುಳಿತವರಲ್ಲ.

ಈ ಮಾತನ್ನು ಎತ್ತಲು ಕಾರಣ, ಕಳೆದ ತಿಂಗಳು ತರಗತಿಯಲ್ಲಿ ನಡೆದ ಚರ್ಚೆ. ಬ್ರಿಟನ್ನಿನ ‘ಜಸ್ಟ್ ಸ್ಟಾಪ್ ಆಯಿಲ್’, ಜರ್ಮನಿಯ ‘ಲೆಟ್ಸ್ಟೆ ಗೆನೆರಾತ್ಸಿಯೋನ್’ ಸಂಘಟನೆಗಳ ತರುಣರು ಅಂಗೈಗೆ ಅಂಟು ಬಳಿದುಕೊಂಡು ಡಾಂಬರಿಗೆ ಅಂಟಿ ಕುಳಿತ ಚಿತ್ರಗಳನ್ನು ನೋಡಿದ ವಿದ್ಯಾರ್ಥಿಗಳಲ್ಲಿ ಕೆಲವರು, “ಊಟಿಯ ಘಾಟಿಯಲ್ಲಿ ಒಂದು ದಿನ ಹೀಗೆ ಕುಳಿತರೆ ಸಾಕು, ಸರ್ಕಾರ ಎಚ್ಚರಗೊಳ್ಳುತ್ತದೆ” ಎಂದರು. ಅವರ ಕಳವಳ ಹುಸಿಯಲ್ಲ. 2009ರ ನವೆಂಬರಿನ ಭೂಕುಸಿತದಲ್ಲಿ ನೀಲಗಿರಿಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನಕ್ಕೆ ಎಂಬತ್ತು ಸೆಂಟಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಇಂಥ ಬೆಟ್ಟದ ಬುಡದಲ್ಲಿ ಬದುಕುವ ತರುಣರು ಅಸಹನೆಗೊಳ್ಳದಿದ್ದರೆ ಅದೇ ಆಶ್ಚರ್ಯ. ಆದರೂ ಅವರ ತೀರ್ಮಾನವನ್ನು ನಾನು ಒಪ್ಪಲಾರೆ.

ರಸ್ತೆ ತಡೆಯೆಂಬುದು ನೀಲಗಿರಿಗೆ ಹೊಸ ವಿದ್ಯೆಯೇನಲ್ಲ. ತಮಿಳಿನಲ್ಲಿ ‘ಸಾಲೈ ಮರಿಯಲ್’ ಎಂದು ಕರೆಯುವ ಈ ಕ್ರಮ ಗೂಡಲೂರು, ಪಂದಲೂರುಗಳಲ್ಲಿ ಜನರ ಕೈಗೆ ಸಹಜವಾಗಿ ಬರುವ ಆಯುಧ. 2024ರ ಜನವರಿಯ ಮೊದಲ ವಾರದಲ್ಲಿ ಪಂದಲೂರಿನ ತೋಟವೊಂದರಲ್ಲಿ ಚಿರತೆಯೊಂದು ಮೂರು ವರ್ಷದ ಮಗುವನ್ನು ಕೊಂದಿತು. ಅದಕ್ಕೂ ಮುನ್ನ ಅದು ಬೇರೆಯವರ ಮೇಲೆಯೂ ಎರಗಿತ್ತು. ಜನ ರಸ್ತೆಗಿಳಿದರು, ಅಂಗಡಿಗಳು ಮುಚ್ಚಿದವು, ವಾಹನಗಳು ನಿಂತವು. ಮರುದಿನವೇ ಅರಿವಳಿಕೆ ಕೊಟ್ಟು ಚಿರತೆಯನ್ನು ಹಿಡಿಯಲಾಯಿತು. 2021ರಲ್ಲಿ ನಾಲ್ವರನ್ನು ಕೊಂದಿತೆಂದು ಹೇಳಲಾದ ಟಿ-23 ಎಂಬ ಹುಲಿಯ ವಿಷಯದಲ್ಲಿಯೂ ಗೂಡಲೂರು, ಮಸಿನಗುಡಿಗಳ ಜನ ದಾರಿ ಕಟ್ಟಿದರು. ಅವರಲ್ಲಿ ಅನೇಕರು ಕೇಳಿದ್ದು ಗುಂಡಿಕ್ಕಿ ಕೊಲ್ಲಬೇಕೆಂದು. ಕೊಲ್ಲುವ ಆತುರ ಬೇಡವೆಂದು ಮದ್ರಾಸ್ ಉಚ್ಚ ನ್ಯಾಯಾಲಯ ಹೇಳಿತು. ಮೂರು ವಾರಗಳ ಹುಡುಕಾಟದ ನಂತರ ಅಕ್ಟೋಬರ್ 15ರಂದು ಸಿಕ್ಕ ಹುಲಿಯನ್ನು ಮೈಸೂರಿನ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೆ ಸಾಗಿಸಿದರು.

ಈ ತಡೆಗಳು ಫಲಿಸಿದ್ದು ಹೇಗೆಂಬುದನ್ನು ಗಮನಿಸಬೇಕು. ಕುಳಿತವರು ನೊಂದವರೇ. ಬೇಡಿಕೆ ಒಂದೇ, ಅದೂ ಸ್ಪಷ್ಟ. ಅದನ್ನು ಈಡೇರಿಸಬಲ್ಲ ಅರಣ್ಯಾಧಿಕಾರಿ ಒಂದೆರಡು ತಾಸಿನೊಳಗೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಾನೆ. ನಿಂತ ಬಸ್ಸಿನಲ್ಲಿದ್ದವನೂ ನಾಳೆ ತನ್ನ ಮಗುವನ್ನು ಅದೇ ತೋಟದ ದಾರಿಯಲ್ಲಿ ಶಾಲೆಗೆ ಕಳಿಸಬೇಕಾದವನು; ಸಿಟ್ಟಾದರೂ ಒಳಗೊಳಗೆ ಹೌದೆನ್ನುತ್ತಾನೆ. ಹವಾಮಾನದ ಬದಲಾವಣೆಗಾಗಿ ಘಾಟಿಯಲ್ಲಿ ಕುಳಿತವನಿಗೆ ಇವುಗಳಲ್ಲಿ ಯಾವುದಿದೆ? ಅವನು ಕೇಳುವುದನ್ನು ಕೊಡಬಲ್ಲವರು ಗೂಡಲೂರಿನ ತಹಸೀಲ್ದಾರರೂ ಅಲ್ಲ, ಉದಕಮಂಡಲದ ಕಲೆಕ್ಟರರೂ ಅಲ್ಲ.

ಇನ್ನು, ನಿಂತವರು ಯಾರು? ಬಯಲಿನ ನಗರದಲ್ಲಿ ಒಂದು ರಸ್ತೆ ಕಟ್ಟಿದರೆ ಇನ್ನೊಂದು ರಸ್ತೆ ಇರುತ್ತದೆ. ಬೆಟ್ಟದಲ್ಲಿ ಹಾಗಲ್ಲ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿಯಲ್ಲಿ ಮೂವತ್ತಾರು ತಿರುವುಗಳಿವೆ. ಒಂದು ಲಾರಿ ಕೆಟ್ಟು ನಿಂತರೇ ಸಾಕು, ದಾರಿ ಮುಗಿಯಿತು. ಆ ದಾರಿಯಲ್ಲಿ, ನಡುವಟ್ಟದ ದಾರಿಯಲ್ಲಿ, ಕೂನೂರಿನಿಂದ ಮೇಟ್ಟುಪಾಳ್ಯಕ್ಕೆ ಇಳಿಯುವ ದಾರಿಯಲ್ಲಿ ಓಡಾಡುವವರು ಪ್ರವಾಸಿಗರಷ್ಟೇ ಅಲ್ಲ. ಬಡಗರ ಹಟ್ಟಿಗಳಿಂದ ಕ್ಯಾರೆಟ್ಟು, ಆಲೂಗಡ್ಡೆ ಹೊತ್ತ ಲಾರಿಗಳು ಮೇಟ್ಟುಪಾಳ್ಯದ ಮಂಡಿಯನ್ನು ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಕೊಯ್ದ ಚಹಾ ಎಲೆ ಚೀಲದಲ್ಲಿಯೇ ಕಾವೇರಿ ಕೆಡುವ ಮೊದಲು ಕಾರ್ಖಾನೆ ಸೇರಬೇಕು. ಗೂಡಲೂರಿನ ರೋಗಿ ಊಟಿಗೋ ಕೊಯಮತ್ತೂರಿಗೋ ಹೋಗಬೇಕು. ಪ್ರವಾಸಿಯೇನೋ ಕಾರಿನ ಗಾಜು ಏರಿಸಿಕೊಂಡು, ಒಂದು ರಾತ್ರಿ ಹೆಚ್ಚು ಉಳಿದು, ಊರಿಗೆ ಮರಳಿ ಅದನ್ನೊಂದು ಕಥೆಯಾಗಿ ಹೇಳಿಯಾನು. ಅಂದಿನ ಕೂಲಿ ಕಳೆದುಕೊಂಡ ತೋಟದ ಹೆಣ್ಣುಮಗಳಿಗೆ ಅದು ಕಥೆಯಲ್ಲ.

ಎದುರು ವಾದಕ್ಕೆ ಬಲವಿಲ್ಲವೆಂದಲ್ಲ. ಮನವಿಪತ್ರಗಳು ಕಡತದಲ್ಲಿ ಕೊಳೆಯುತ್ತವೆ. ದಾರಿ ನಿಂತರೆ ಮಾತ್ರ ಪತ್ರಿಕೆಯ ಮುಖಪುಟ ತೆರೆಯುತ್ತದೆ. ದೆಹಲಿಯ ಗಡಿಗಳಲ್ಲಿ 2020ರ ನವೆಂಬರಿನಿಂದ ವರ್ಷಕ್ಕೂ ಹೆಚ್ಚು ಕಾಲ ಕುಳಿತ ರೈತರು ಕೃಷಿ ಕಾಯಿದೆಗಳನ್ನು ಹಿಂತೆಗೆಸಿದರು. ಅದೇ ವರ್ಷ ಶಾಹೀನ್ ಬಾಗ್ ಪ್ರಕರಣದಲ್ಲಿ, ಸಾರ್ವಜನಿಕ ದಾರಿಯನ್ನು ಅನಿರ್ದಿಷ್ಟವಾಗಿ ಆಕ್ರಮಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತ್ತೆಂಬುದೂ ನಿಜ. ಬ್ರಿಟನ್ನಿನಲ್ಲಿ ಹೊಸ ತೈಲ, ಅನಿಲ ಪರವಾನಗಿ ಬೇಡವೆಂಬ ‘ಜಸ್ಟ್ ಸ್ಟಾಪ್ ಆಯಿಲ್’ನ ಮುಖ್ಯ ಬೇಡಿಕೆ 2024ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಪಕ್ಷದ ನೀತಿಯೇ ಆಯಿತು. ಆದರೆ ಅದೇ ವರ್ಷ, ಲಂಡನ್ನಿನ ಹೊರವರ್ತುಲ ಹೆದ್ದಾರಿಯನ್ನು ನಿಲ್ಲಿಸಲು ಸಂಚು ಹೂಡಿದ್ದಕ್ಕೆ ಆ ಗುಂಪಿನ ರೋಜರ್ ಹ್ಯಾಲಮ್‌ಗೆ ಐದು ವರ್ಷ ಸೆರೆವಾಸ ವಿಧಿಸಲಾಯಿತು. ಮೇಲ್ಮನವಿಯಲ್ಲಿ ಅದು ನಾಲ್ಕಕ್ಕೆ ಇಳಿಯಿತು. 2025ರ ಮಾರ್ಚಿಯಲ್ಲಿ ಗುಂಪು ಇಂಥ ಪ್ರತಿಭಟನೆಗಳನ್ನೇ ಕೈಬಿಡುವುದಾಗಿ ಸಾರಿತು. ಬೇಡಿಕೆ ಗೆದ್ದದ್ದು ತಡೆಯಿಂದಲೋ, ತಡೆಯಿದ್ದೂ ಗೆದ್ದಿತೋ ಎಂಬುದನ್ನು ಯಾರೂ ಅಳೆದು ಹೇಳಲಾರರು. ನನಗಂತೂ ಎರಡನೆಯದೇ ಸಂಭಾವ್ಯವೆನಿಸುತ್ತದೆ.

ನಮ್ಮ ನಾಡಿನ ಪರಿಸರ ಚಳವಳಿಗಳೂ ಕಾನೂನಿಗೆ ಅಂಜಿ ಕುಳಿತವಲ್ಲ. ಉತ್ತರಪತ್ರಿಕೆಯೊಂದರಲ್ಲಿ ‘ಅಪ್ಪಿಕೋ’ ಚಳವಳಿಯನ್ನು ರಸ್ತೆ ತಡೆ ಚಳವಳಿಯೆಂದು ಬರೆದದ್ದನ್ನು ಕಂಡು ನಕ್ಕಿದ್ದೆ; ಆಮೇಲೆ ಆ ತಪ್ಪೇ ನನ್ನನ್ನು ಯೋಚನೆಗೆ ಹಚ್ಚಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಅಪ್ಪಿಕೊಂಡದ್ದು ಕೊಡಲಿ ಬೀಳಲಿದ್ದ ಮರವನ್ನೇ. 1987ರ ನವೆಂಬರಿನಲ್ಲಿ ಹಾನಗಲ್ಲಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಎಂದವರು, ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕಟ್ಟಿದ ಕಂಪನಿ ಗೋಮಾಳಗಳಲ್ಲಿ ನೆಟ್ಟ ನೀಲಗಿರಿ ಸಸಿಗಳನ್ನೇ ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. (ನೀಲಗಿರಿಯ ಹೆಸರು ನಮ್ಮ ಭಾಷೆಯಲ್ಲಿ ಆ ಬೆಟ್ಟದ್ದಲ್ಲದ ಮರಕ್ಕೆ ಅಂಟಿಕೊಂಡದ್ದೂ ಒಂದು ವ್ಯಂಗ್ಯವೇ.) ಎರಡರಲ್ಲಿಯೂ ಕಾನೂನಿನ ಭಂಗವಿರಬಹುದು, ದಾರಿಹೋಕನಿಗೆ ದಂಡವಿಲ್ಲ. ಮೈಯೊಡ್ಡಿದ ಜಾಗವೇ ಅನ್ಯಾಯ ನಡೆಯುತ್ತಿದ್ದ ಜಾಗವಾಗಿತ್ತು.

ನೀಲಗಿರಿಯಲ್ಲಿ ಇನ್ನೊಂದು ತೊಡಕಿದೆ, ನನ್ನನ್ನು ಹೆಚ್ಚು ಕಾಡುವುದು ಅದೇ. ಅಲ್ಲಿ ಪರಿಸರದ ಮಾತು ಈಗಾಗಲೇ ಅನೇಕರ ಕಿವಿಗೆ ಹೊರಗಿನವರ ಮಾತಾಗಿ ಕೇಳಿಸುತ್ತದೆ. ಸೀಗೂರು ಪ್ರಸ್ಥಭೂಮಿಯ ಆನೆ ಪಥವನ್ನು ತಮಿಳುನಾಡು ಸರ್ಕಾರ 2010ರಲ್ಲಿ ಅಧಿಸೂಚಿಸಿತು. 2020ರ ಅಕ್ಟೋಬರ್ 14ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮುಚ್ಚಬೇಕಾಗಿ ಬಂದದ್ದು ರೆಸಾರ್ಟುಗಳು. ಆದರೆ ಮಸಿನಗುಡಿ, ಬೊಕ್ಕಾಪುರಗಳ ಸಣ್ಣ ಹಿಡುವಳಿದಾರನಿಗೂ ಜೀಪು ಓಡಿಸುವವನಿಗೂ ಹುಟ್ಟಿದ ಭಯ, “ಆನೆಗಾಗಿ ನಮ್ಮನ್ನು ಎಬ್ಬಿಸುತ್ತಾರೆ” ಎಂಬುದು. ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಊಟಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಬಂದಿತು. ಮರುವರ್ಷದ ಬೇಸಗೆಗೆ ದಿನಕ್ಕೆ ಆರು ಸಾವಿರ, ವಾರಾಂತ್ಯದಲ್ಲಿ ಎಂಟು ಸಾವಿರ ವಾಹನಗಳೆಂಬ ಮಿತಿಯೂ ಬಂದಿತು. ಅದರ ವಿರುದ್ಧ 2025ರ ಏಪ್ರಿಲ್ ಮೊದಲ ವಾರದಲ್ಲಿ ವರ್ತಕರು ಅಂಗಡಿ ಮುಚ್ಚಿದರು. ಇಂಥ ಕಡೆ ಪರಿಸರದ ಬಾವುಟ ಹಿಡಿದವರು ಘಾಟಿ ಕಟ್ಟಿದರೆ, ಆ ದಿನದ ಸಿಟ್ಟೆಲ್ಲ ಇ-ಪಾಸಿನ ಮೇಲೆ, ಆನೆ ಪಥದ ಮೇಲೆ, ರಾತ್ರಿಯ ಗೇಟಿನ ಮೇಲೆ ಹರಿಯುತ್ತದೆ. ಈಗ ಅರೆಮನಸ್ಸಿನಿಂದಲಾದರೂ ಒಪ್ಪಿದವನನ್ನು ಎದುರಾಳಿಯ ಕೈಗೆ ನಾವೇ ಒಪ್ಪಿಸಿದಂತಾಗುತ್ತದೆ.

ರಾತ್ರಿಯ ಗೇಟಿಗೂ ವಿರೋಧ ತಪ್ಪಿಲ್ಲ. 2019ರ ಸೆಪ್ಟೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ತರುಣರು ಉಪವಾಸ ಕುಳಿತರು; ರಾಹುಲ್ ಗಾಂಧಿಯವರೂ ಅಲ್ಲಿಗೆ ಹೋಗಿಬಂದರು. ಅವರ ಅಳಲನ್ನು ಹಗುರವಾಗಿ ಕಾಣಬಾರದು. ವ್ಯಾಪಾರ, ಚಿಕಿತ್ಸೆ, ಮನೆ ಸೇರುವ ಹೊತ್ತು ಎಲ್ಲವೂ ಆ ದಾರಿಗೆ ಕಟ್ಟಿಬಿದ್ದಿವೆ. ನಿರ್ಬಂಧ ತೆಗೆಯುವ ಮಾತು 2025ರಲ್ಲಿ ಮತ್ತೆ ಎದ್ದಾಗ, ಏಪ್ರಿಲಿನ ಒಂದು ಭಾನುವಾರ ಕರ್ನಾಟಕದ ನೂರಾರು ಜನ ಬಂಡೀಪುರದ ಕಡೆಗೆ ನಡೆದರು. ದಾರಿ ಕಟ್ಟಲಿಲ್ಲ, ನಡೆದರು ಅಷ್ಟೆ. ಆ ನಡಿಗೆಯಿಂದಲೇ ಗೇಟು ಉಳಿಯಿತೆಂದು ನಾನು ಹೇಳುತ್ತಿಲ್ಲ. ಆದರೆ ಗೇಟನ್ನು ಉಳಿಸಿಕೊಳ್ಳಲು ಬೇಕಾದ ಜನರಲ್ಲಿ ಒಬ್ಬನನ್ನೂ ಅದು ಕಳೆದುಕೊಳ್ಳಲಿಲ್ಲ.

ನಮ್ಮ ವಿದ್ಯಾರ್ಥಿಗಳು ಕುಳಿತೇ ತೀರುವೆವೆಂದರೆ ಬೆಟ್ಟದಲ್ಲಿ ಜಾಗಕ್ಕೆ ಕೊರತೆಯಿಲ್ಲ. ಇಳಿಜಾರನ್ನು ಕಡಿದು ಕಟ್ಟಡ ಎಬ್ಬಿಸಲು ಅನುಮತಿಯಿಲ್ಲದೆ ಮಣ್ಣಗೆಯುವ ಯಂತ್ರವೊಂದು ಬಂದು ನಿಂತಿರುವ ಜಾಗ ಯಾವ ಹಟ್ಟಿಯ ಮಗ್ಗುಲಲ್ಲಿದೆಯೆಂದು ಮೊದಲು ಹುಡುಕಲಿ. ಮಳೆಗಾಲದಲ್ಲಿ ಅದರ ಕೆಳಗೆ ಯಾರ ಮನೆಯಿದೆಯೆಂದು ವಿಚಾರಿಸಲಿ. ಆ ಮನೆಯವರೂ ಪಕ್ಕದಲ್ಲಿ ಬಂದು ಕುಳಿತರೆ, ಅಂದು ಊಟದ ಬುತ್ತಿ ಕಟ್ಟಿಕೊಂಡು ನಾನೂ ಬರುತ್ತೇನೆ.