ತಿಕೀಟಿಗೆ 17 ರೂಪಾಯಿ, ಪ್ರಾಣಕ್ಕೆ ಎಷ್ಟು?

ಸುಗ್ಗಿ ಮುಗಿದು ದುಡಿಯುವವನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲಕ್ಕೆ ನಮ್ಮ ಭಾಗದ ಜಾತ್ರೆಗಳಿಗೆ ಕಳೆ ಏರುತ್ತದೆ. ಜಮಖಂಡಿ, ಮುಧೋಳಗಳಲ್ಲಿ ಕುಸ್ತಿಯ ಕಣಗಳು ಹದಗೊಳ್ಳುತ್ತವೆ. ಬೀಳಗಿಯ ಬಯಲಿನಲ್ಲಿ ನಾಟಕ ಕಂಪನಿಯ ತಗಡಿನ ಥೇಟರು ಏಳುತ್ತದೆ. ರಬಕವಿ-ಬನಹಟ್ಟಿಯ ನೇಕಾರ ಮಗ್ಗ ನಿಲ್ಲಿಸಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ದೊಡ್ಡ ತೊಟ್ಟಿಲು ಹತ್ತಿಸಲು ಹೊರಡುತ್ತಾನೆ. ವರ್ಷವಿಡೀ ದುಡಿದವನಿಗೆ ಇದು ಚೈನಿಯಲ್ಲ, ಹಕ್ಕು. ಆದರೆ ಅವನು ಕೂಡ್ರುವ ಗ್ಯಾಲರಿಯನ್ನು ಕಟ್ಟಿದವರಾರು? ಅದು ಎಷ್ಟು ಜನರ ಭಾರ ತಡೆಯುತ್ತದೆ? ಅದನ್ನು ಪರೀಕ್ಷಿಸಿ ಸಹಿ ಹಾಕಿದವರಾರು? ಈ ಮೂರು ಪ್ರಶ್ನೆಗಳಿಗೆ ತಿಕೀಟು ಹರಿದುಕೊಡುವವನ ಬಳಿ ಉತ್ತರವಿಲ್ಲ. ಪರವಾನಿಗೆ ಕೊಟ್ಟ ಕಚೇರಿಯಲ್ಲಿ ಕೇಳಿದರೂ ಉತ್ತರ ಸಿಕ್ಕೀತೆಂಬ ಭರವಸೆ ನಮಗಿಲ್ಲ.

ನಾವು ಸುಮ್ಮನೆ ಭಯ ಹುಟ್ಟಿಸುತ್ತಿಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಉರಿ ಹತ್ತಿ 90ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಆಟ ನೋಡಲು ಹೋದ ಮಕ್ಕಳು. 1983ರ ಸೆಪ್ಟೆಂಬರ್ 12ರಂದು ಅದೇ ನಗರದಲ್ಲಿ, ಕಪಾಲಿ ಚಿತ್ರಮಂದಿರದ ಹತ್ತಿರ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಮಡಿದರು. 2019ರ ಮಾರ್ಚ್ 19ರಂದು ನಮ್ಮ ಧಾರವಾಡದಲ್ಲಿಯೇ, ಇನ್ನೂ ಪೂರ್ತಿಯಾಗದ ಮಳಿಗೆಗಳ ಕಟ್ಟಡ ಕುಸಿದು 19 ಜನ ಸತ್ತರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಿಗೆ ಸಿಕ್ಕು 11 ಜನ ಪ್ರಾಣ ಬಿಟ್ಟ ಮೇಲೆ, ನ್ಯಾಯಮೂರ್ತಿ ಮೈಕಲ್ ಡಿಕುನ್ಹಾ ಅವರ ಆಯೋಗವು ಆ ಕ್ರೀಡಾಂಗಣದ ರಚನೆಯೇ ಅಂಥ ಜನಸಂದಣಿಗೆ ಸುರಕ್ಷಿತವಲ್ಲವೆಂದು ವರದಿಯಿತ್ತಿತು. ಡೇರೆ ಬೇರೆ, ಮಳಿಗೆ ಬೇರೆ, ಕ್ರೀಡಾಂಗಣ ಬೇರೆ. ಆದರೆ ಪ್ರತಿಸಲವೂ ನಡೆದದ್ದು ಒಂದೇ: ಮೊದಲು ಜನ ಸತ್ತರು, ಆಮೇಲೆ ಪರೀಕ್ಷೆ ನಡೆಯಿತು.

ಈ ಪರೀಕ್ಷೆ ಯಾರ ಕೈಯಲ್ಲಿ, ಯಾವ ಯಾವ ಹಂತದಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿಯಬೇಕಾದರೆ ಗುಜರಾತದ ಮೋರ್ಬಿಯ ಕಡೆಗೆ ನೋಡಬೇಕು. ಅಲ್ಲಿಯ ಲೆಕ್ಕವೆಲ್ಲ ನ್ಯಾಯಾಲಯದ ಮುಂದೆ ಬಯಲಿಗೆ ಬಂದಿದೆ. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ಮೇಲಿರುವ ತೂಗುಸೇತುವೆಯನ್ನು ನಮ್ಮ ವಾಚಕರು ಬಲ್ಲರು. ಗಿರಣಿಯ ಸಂಬಂಧದಿಂದಲೂ ಬಲ್ಲರು, ಮಳೆಗಾಲದಲ್ಲಿ ನೀರು ನೋಡಲು ಹೋಗಿಯೂ ಬಲ್ಲರು. ಮೋರ್ಬಿಯಲ್ಲಿ ಮಚ್ಛು ನದಿಯ ಮೇಲೆ ಅಂಥದೇ ಒಂದು ಹಳೆಯ ತೂಗುಸೇತುವೆಯಿತ್ತು. ಸಂಸ್ಥಾನದ ಅರಸರ ಕಾಲದ್ದು. ಜನ ಅದರ ಮೇಲೆ ಹೋಗುತ್ತಿದ್ದುದು ನದಿ ದಾಟಲಿಕ್ಕಲ್ಲ, ಸಂಜೆಯ ವಿಹಾರಕ್ಕೆ. ಸೇತುವೆ ಪೌರಸಭೆಯದು. ಆದರೆ ಅದನ್ನು ನಡೆಸಿ, ದುರಸ್ತಿ ಮಾಡಿ, ತಿಕೀಟು ಮಾರುವ ಹಕ್ಕನ್ನು 2022ರ ಮಾರ್ಚ್‌ನಲ್ಲಿ 15 ವರ್ಷಗಳ ಮಟ್ಟಿಗೆ ಒರೇವಾ ಎಂಬ ಕಂಪನಿಗೆ ಬರೆದುಕೊಡಲಾಯಿತು. ಈ ಕಂಪನಿಯ ಹೆಸರು ಸೇತುವೆಗಳಿಗಲ್ಲ, ಗೋಡೆ ಗಡಿಯಾರಗಳಿಗೆ ಪ್ರಸಿದ್ಧ. ಟೆಂಡರು ಕರೆಯಲಿಲ್ಲ. ಕರಾರುಪತ್ರ ಒಂದೂವರೆ ಪುಟದ್ದು. ನಮ್ಮ ಊರಿನಲ್ಲಿ ಒಂದು ಅಂಗಡಿಯನ್ನು ಬಾಡಿಗೆಗೆ ಹಿಡಿಯುವ ಸಣ್ಣ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕಾಗದಕ್ಕೆ ಸಹಿ ಹಾಕುತ್ತಾನೆ!

ದುರಸ್ತಿಯೆಂದು ಕೆಲವು ತಿಂಗಳು ಮುಚ್ಚಿದ ಸೇತುವೆಯನ್ನು 2022ರ ಅಕ್ಟೋಬರ್ 26ರಂದು, ದೀಪಾವಳಿಯ ರಜೆಯ ಗಿರಾಕಿ ನೋಡಿಕೊಂಡು ತೆರೆಯಲಾಯಿತು. ಅದು ಭದ್ರವಾಗಿದೆಯೆಂದು ಯಾರೂ ಪ್ರಮಾಣಪತ್ರ ಕೊಟ್ಟಿರಲಿಲ್ಲ. ದೊಡ್ಡವರಿಗೆ 17 ರೂಪಾಯಿ, ಮಕ್ಕಳಿಗೆ 12 ರೂಪಾಯಿ. ಅಕ್ಟೋಬರ್ 30, ರವಿವಾರ. ಆ ಒಂದೇ ದಿನ 3,000ಕ್ಕೂ ಹೆಚ್ಚು ತಿಕೀಟು ಹೋದವು. ಸಂಜೆ ನೂರಾರು ಜನ ಮೇಲಿದ್ದಾಗ ಒಂದು ಕಡೆಯ ಮುಖ್ಯ ಹಗ್ಗ ಹರಿಯಿತು. 135 ಜನ ಸತ್ತರು. ಸತ್ತವರಲ್ಲಿ ಅನೇಕರು ಹೆಂಗಸರು, ಮಕ್ಕಳು.

ಸರಕಾರವೇ ನೇಮಿಸಿದ ತನಿಖಾ ತಂಡ ಕಂಡುಕೊಂಡದ್ದನ್ನು ನೋಡಿರಿ. ಆ ಮುಖ್ಯ ಹಗ್ಗದಲ್ಲಿ 49 ತಂತಿಗಳು. ಅವುಗಳಲ್ಲಿ 22 ತಂತಿಗಳು ತುಕ್ಕು ತಿಂದು, ಸೇತುವೆ ಬೀಳುವ ಮೊದಲೇ ಕಡಿದುಹೋಗಿದ್ದಿರಬೇಕು. ದುರಸ್ತಿ ಮಾಡಿದವರು ಹಳೆಯ ಹಗ್ಗವನ್ನು ಬದಲಿಸಲಿಲ್ಲ. ಕಾಲಡಿಯ ಕಟ್ಟಿಗೆಯ ಹಲಗೆಗಳನ್ನು ತೆಗೆದು, ಅಲ್ಯೂಮಿನಿಯಮ್ಮಿನ ಹೊಳೆಯುವ ಹೊಸ ನೆಲ ಹಾಸಿದರು. ಅಂದರೆ ಕಣ್ಣಿಗೆ ಕಾಣುವುದಕ್ಕೆ ಬಣ್ಣ ಬಂತು. ಪ್ರಾಣ ಹಿಡಿದಿಡುವುದಕ್ಕೆ ತುಕ್ಕೇ ಉಳಿಯಿತು. ಮೇಲಾಗಿ ಆ ಹೊಸ ನೆಲದ ಭಾರವೂ ಅದೇ ಹಳೆಯ ಹಗ್ಗದ ಮೇಲೆ ಬಿತ್ತು.

ಬನಹಟ್ಟಿಯ ಯಾವ ನೇಕಾರನಾದರೂ ಈ ಲೆಕ್ಕವನ್ನು ತೂಗಿ ನೋಡಲಿ. ಹಾಸಿನಲ್ಲಿ ಒಂದು ಎಳೆ ಕಡಿದರೆ ಅವನು ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾನೆ. ಹಾಕದಿದ್ದರೆ ಸೀರೆಯಲ್ಲಿ ದೋಷ ಬೀಳುತ್ತದೆ, ಸಾವುಕಾರ ಕೂಲಿ ಕಡಿಯುತ್ತಾನೆ. ಒಂದು ಎಳೆಗೆ ನೇಕಾರ ಉತ್ತರ ಹೇಳಬೇಕು. 22 ತಂತಿಗಳಿಗೆ ಯಾರೂ ಉತ್ತರ ಹೇಳಬೇಕಾಗಿಲ್ಲ! ಸೀರೆಗಿರುವ ಪರೀಕ್ಷಕ ಮನುಷ್ಯನ ಪ್ರಾಣಕ್ಕಿಲ್ಲ. ಇದನ್ನು ಅಪಘಾತವೆಂದು ಕರೆಯಲು ನಾವು ಸಿದ್ಧರಿಲ್ಲ.

ಮುಂದೆ ಏನಾಯಿತು? ಸೇತುವೆ ಬಿದ್ದ ಕೂಡಲೇ ಬಂಧಿಸಲಾದ ಒಂಬತ್ತು ಜನರಲ್ಲಿ ಇಬ್ಬರು ತಿಕೀಟು ಕೊಡುವವರು, ಮೂವರು ಕಾವಲುಗಾರರು. ಉಳಿದವರು ಕಂಪನಿಯ ಇಬ್ಬರು ಮ್ಯಾನೇಜರರು, ಇಬ್ಬರು ದುರಸ್ತಿಯ ಗುತ್ತಿಗೆದಾರರು. ಕಂಪನಿಯ ಮುಖ್ಯಸ್ಥರು ನ್ಯಾಯಾಲಯಕ್ಕೆ ಬಂದು ಶರಣಾದದ್ದು 2023ರ ಜನವರಿಯ ಕೊನೆಗೆ, ಮೂರು ತಿಂಗಳ ಮೇಲೆ. 2024ರ ಮಾರ್ಚ್‌ನಲ್ಲಿ ಅವರಿಗೆ ಜಾಮೀನು ಸಿಕ್ಕಿತು. ಮ್ಯಾನೇಜರರಲ್ಲಿ ಒಬ್ಬರು ನ್ಯಾಯಾಲಯದಲ್ಲಿ ಇದೆಲ್ಲ ದೇವರ ಇಚ್ಛೆಯೆಂದು ಹೇಳಿದರೆಂದು ಪತ್ರಿಕೆಗಳಲ್ಲಿ ಬಂತು. ಲಾಭ ಬಂದಾಗ ಕಂಪನಿಯ ಜಾಣತನ, ಜನ ಸತ್ತಾಗ ದೇವರ ಇಚ್ಛೆ! ದೇವರು ತಿಕೀಟು ಮಾರಿರಲಿಲ್ಲ. ದೇವರು ಹಗ್ಗಕ್ಕೆ ಎಣ್ಣೆ ಹಾಕುವ ಗುತ್ತಿಗೆ ಹಿಡಿದಿರಲಿಲ್ಲ.

ಗುಜರಾತ ಹೈಕೋರ್ಟು ಈ ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡಿತೆಂಬುದನ್ನು ನಾವು ಮೆಚ್ಚುಗೆಯಿಂದ ಹೇಳಬೇಕು. ಆಗ ಅಲ್ಲಿಯ ಮುಖ್ಯ ನ್ಯಾಯಮೂರ್ತಿಗಳು ನಮ್ಮ ಕರ್ನಾಟಕದವರೇ ಆದ ಅರವಿಂದ ಕುಮಾರ್ ಅವರು. ಇಷ್ಟು ಮಹತ್ವದ ಕೆಲಸದ ಕರಾರು ಒಂದೂವರೆ ಪುಟದಲ್ಲಿ ಹೇಗೆ ಮುಗಿಯಿತೆಂದು ಅವರ ಪೀಠವು ಕೇಳಿತು. ಸತ್ತವರ ಪ್ರತಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಬೇಕೆಂದು 2023ರ ಫೆಬ್ರುವರಿಯಲ್ಲಿ ಕಂಪನಿಗೆ ಆಜ್ಞೆಯಾಯಿತು. ಅದೇ ವರ್ಷ ಎಪ್ರಿಲ್‌ನಲ್ಲಿ ಸರಕಾರ ಮೋರ್ಬಿಯ ಪೌರಸಭೆಯನ್ನು ರದ್ದುಗೊಳಿಸಿತು. ಒಳ್ಳೆಯದೇ. ಆದರೆ ಇದೇ ಕೋಪದ ಹತ್ತರಲ್ಲಿ ಒಂದು ಪಾಲು ಅಕ್ಟೋಬರ್ 26ರ ಮುಂಜಾನೆ ಯಾರಾದರೂ ಒಬ್ಬ ಅಧಿಕಾರಿಗೆ ಬಂದಿದ್ದರೆ, ಒಂದು ಬೀಗದಿಂದ 135 ಪ್ರಾಣ ಉಳಿಯುತ್ತಿದ್ದವು.

ಮೋರ್ಬಿ ದೂರದ ಊರು, ನಮಗೇನೆಂದು ಯಾರೂ ಅನ್ನಬಾರದು. ನಮ್ಮ ಜಾತ್ರೆಯ ಗ್ಯಾಲರಿಯನ್ನು ನೋಡಿರಿ. ಬಲ್ಲಿ, ಬೊಂಬು, ಹಲಗೆ, ಹಗ್ಗ. ಅದನ್ನು ನಿಲ್ಲಿಸುವುದು ನಮ್ಮ ಎರೆಮಣ್ಣಿನಲ್ಲಿ. ಎರೆ ಒಣಗಿದಾಗ ಬಿರಿಯುತ್ತದೆ, ಒಂದು ಅಡ್ಡಮಳೆ ಬಿದ್ದರೆ ಮೆತ್ತಗಾಗುತ್ತದೆ. ಮೊನ್ನೆ ಗಟ್ಟಿಯಿದ್ದ ಕಂಬ ಇಂದು ಗೇಣು ಇಳಿದಿರುತ್ತದೆ. ಕುಳಿತ ಜನರ ಭಾರ ಒಂದು ತೆರನದು. ಪೈಲವಾನ ಎದುರಾಳಿಯನ್ನು ಚಿತ್ತು ಮಾಡಿದಾಗ ಎಲ್ಲರೂ ಒಮ್ಮೆಲೇ ಎದ್ದು ಕುಣಿದರೆ ಬೀಳುವ ಪೆಟ್ಟು ಬೇರೆ ತೆರನದು. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ರಾಷ್ಟ್ರೀಯ ಕಬಡ್ಡಿ ಪಂದ್ಯಕ್ಕೆ ಕಟ್ಟಿದ ಗ್ಯಾಲರಿ ಕುಸಿದು ನೂರರಷ್ಟು ಜನ ಗಾಯಗೊಂಡರು. ಆ ಗ್ಯಾಲರಿಗೂ ನಮ್ಮದಕ್ಕೂ ಎಷ್ಟು ಅಂತರವಿದೆ?

ಇನ್ನು ನಮ್ಮ ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ನಿಮ್ಮ ತಕ್ಕಡಿಗೆ, ತೂಕದ ಕಲ್ಲಿಗೆ ಅವಧಿಗೊಮ್ಮೆ ಸರಕಾರದ ಮುದ್ರೆ ಬೀಳಲೇಬೇಕು. ಮುದ್ರೆಯಿಲ್ಲದ ಕಲ್ಲಿನಿಂದ ಪಾವ ಕಿಲೋ ಬೆಲ್ಲ ತೂಗಿದರೂ ನಿಮಗೆ ದಂಡ. ನಾವು ಇದನ್ನು ತಪ್ಪೆನ್ನುವುದಿಲ್ಲ; ಗಿರಾಕಿಗೆ ಮೋಸವಾಗಬಾರದು. ಆದರೆ ಬೆಲ್ಲ ತೂಗುವ ಕಲ್ಲಿಗೆ ಮುದ್ರೆ ಬೇಕಾದರೆ, ಸಾವಿರ ಜನರನ್ನು ಹೊರುವ ಗ್ಯಾಲರಿಗೆ ಏಕೆ ಬೇಡ? ಮೇಲಾಗಿ ಆ ಗ್ಯಾಲರಿಯ ನೆರಳಿನಲ್ಲಿಯೇ ನಿಮ್ಮ ಚುರುಮುರಿಯ ಗಾಡಿ, ಬಳೆಯ ಅಂಗಡಿ ನಿಂತಿರುತ್ತವೆ.

ಆದ್ದರಿಂದ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ನಗರಸಭೆಗಳಿಂದಲೂ ಬೀಳಗಿಯ ಪಟ್ಟಣ ಪಂಚಾಯತಿಯಿಂದಲೂ ನಾವು ನಾಲ್ಕು ಮಾತು ಕೇಳುತ್ತೇವೆ. ಒಂದು: ಗ್ಯಾಲರಿ, ತಗಡಿನ ಥೇಟರು, ತೊಟ್ಟಿಲು, ಯಾವುದೇ ಇರಲಿ, ಇಂಜಿನಿಯರನೊಬ್ಬ ಸ್ವತಃ ನೋಡಿ, ಎಷ್ಟು ಜನ ಎಂಬ ಅಂಕಿಯೊಡನೆ ಸಹಿ ಹಾಕಿದ ಕಾಗದ ತಿಕೀಟಿನ ಕಿಡಕಿಯ ಮುಂದೆಯೇ ಕನ್ನಡದಲ್ಲಿ ತೂಗಾಡಬೇಕು. ಎರಡು: ಆ ಅಂಕಿಗಿಂತ ಒಂದು ತಿಕೀಟೂ ಹೆಚ್ಚು ಮಾರಬಾರದು. ಮೂರು: ಆಟ ಶುರುವಾಗುವ ಮುನ್ನಾದಿನ ಗ್ಯಾಲರಿಯ ಮೇಲೆ ಉಸುಕಿನ ಚೀಲ ಹೇರಿ ಎಲ್ಲರೆದುರು ಪರೀಕ್ಷಿಸಬೇಕು, ಮಳೆಯಾದರೆ ಮತ್ತೊಮ್ಮೆ ಪರೀಕ್ಷಿಸಬೇಕು. ನಾಲ್ಕು: ನೋಡಲು ಬಂದವರ ವಿಮೆಯನ್ನೂ ಕಟ್ಟುವ ಕೂಲಿಗಳ ವಿಮೆಯನ್ನೂ ತುಂಬಿದ ರಸೀದಿ ತೋರಿಸದೆ ಪರವಾನಿಗೆ ಕೊಡಬಾರದು. ಇಷ್ಟರ ಮೇಲೂ ಅನಾಹುತವಾದರೆ, ಆರೋಪಿಗಳ ಪಟ್ಟಿಯಲ್ಲಿ ಮೊದಲ ಹೆಸರು ಹಣ ಎಣಿಸಿದವನದು, ಎರಡನೆಯದು ಸಹಿ ಹಾಕಿದವನದು ಆಗಬೇಕು. ಬಾಗಿಲು ಕಾಯುವ ಬಡವನದಲ್ಲ.

ಇಷ್ಟೆಲ್ಲ ಕೇಳಿದರೆ ಬಡ ನಾಟಕ ಕಂಪನಿಗಳು ಬದುಕುವುದು ಹೇಗೆಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಆದರೆ ಅದೇ ತಗಡಿನ ಕೆಳಗೆ ಕಲಾವಿದರೂ ಅವರ ಮಕ್ಕಳೂ ಇರುತ್ತಾರೆಂಬುದನ್ನು ಮರೆಯಬಾರದು. ಪರೀಕ್ಷೆಯ ಶುಲ್ಕವನ್ನು ನಗರಸಭೆಯೇ ವಹಿಸಿಕೊಳ್ಳಲಿ. ಜಾತ್ರೆಯ ಜಾಗದ ಬಾಡಿಗೆಯನ್ನೂ ಅಂಗಡಿಕಾರರ ಕರವನ್ನೂ ಅದು ವಸೂಲು ಮಾಡುವುದಿಲ್ಲವೇ? ಆ ಹಣದಲ್ಲಿ ಒಂದು ಅಂಶ ಜನರ ಪ್ರಾಣಕ್ಕೆ ಖರ್ಚಾದರೆ ಯಾರೂ ದಿವಾಳಿಯಾಗುವುದಿಲ್ಲ.

ಸರಕಾರ ಮಾಡೀತೆಂದು ಕೈಕಟ್ಟಿ ಕುಳಿತ ಜನ ನಾವಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ನಮ್ಮ ರೈತರು ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ತಮ್ಮದೇ ಹಣ, ತಮ್ಮದೇ ಬೆವರು ಹಾಕಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಾಯಿತು. ನದಿಯನ್ನೇ ನಿಲ್ಲಿಸಿದ ಜನಕ್ಕೆ ಒಂದು ಗ್ಯಾಲರಿಯ ಕಂಬ ಅಲುಗಾಡಿಸಿ ನೋಡುವುದು ಭಾರವೇ? ಈ ಸಲ ಜಾತ್ರೆಗೆ ಹೋದಾಗ ತಿಕೀಟಿನ ಕಿಡಕಿಯ ಮುಂದೆ ನಿಂತು ಮೊದಲು ಕಾಗದ ಕೇಳಿರಿ. ಕಾಗದ ತೋರಿಸಿದರೆ ಹಣ ಕೊಡಿರಿ. ತೋರಿಸದಿದ್ದರೆ ಮಕ್ಕಳ ಕೈಹಿಡಿದು ಹಿಂದಿರುಗಿರಿ, ಹಿಂದೆ ನಿಂತವರಿಗೂ ಹೇಳಿರಿ. ಕಿಡಕಿಯ ಮುಂದೆ ಸಾಲು ಕರಗಿದ ದಿನ ಮಾಲಕನಿಗೆ ಇಂಜಿನಿಯರನ ಮನೆ ತಾನಾಗಿಯೇ ಸಿಗುತ್ತದೆ.